ಗುತ್ತೆವ್ವ ಹೂಡಿದ ದಾವೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಗಳಲ್ಲಿ ಗುತ್ತೆವ್ವನ ಬಾಯಿಗೆ ಹೆದರದವರು ಕಡಿಮೆ. ಗೋದಾಮಿನ ನೆರಳಿನಲ್ಲಿ ಇಪ್ಪತ್ತು ಮೂವತ್ತು ಹೆಂಗಸರ ಸಾಲಿನಲ್ಲಿ ಕುಳಿತು ಒಣ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವುದು ಅವಳ ಕೆಲಸ. ಹೆಂಗಸರ ಭುಜ ಮುಟ್ಟಿ ಮಾತಾಡುವ ಚಟದ ಗುಮಾಸ್ತನೊಬ್ಬನಿಗೆ ಒಮ್ಮೆ ಅದೇ ಕೈಯಲ್ಲಿ ಕಪಾಳಕ್ಕೆ ಬಿಟ್ಟಿದ್ದಳು. ಅವನು ಕಣ್ಣು ಬಿಡಲಾಗದೆ ಸಂಜೆಯವರೆಗೆ ನಳದ ಕೆಳಗೆ ತಲೆಯಿಟ್ಟುಕೊಂಡು ಕುಳಿತಿದ್ದ. "ಏನ್ ಸಿಟ್ಟವಾ ನಿಂದು, ಕಾಯಿ ಘಾಟು ನೆತ್ತಿಗೇರೈತಿ" ಎಂದು ಯಾರಾದರೂ ನಕ್ಕರೆ, "ಕಾಯಿಂದ ಏರಿದ್ದಲ್ಲ, ಮಂದಿಯಿಂದ ಏರಿದ್ದು" ಎನ್ನುತ್ತಿದ್ದಳು.

ಅವಳ ಊರು ರಾಣೆಬೆನ್ನೂರು ತಾಲೂಕಿನದು, ಹಲಗೇರಿ ದಾಟಿ ಒಳಗೆ ಹೋಗಬೇಕು. ಒಂಬತ್ತನೇ ವಯಸ್ಸಿನಲ್ಲಿ ಅವಳ ತಲೆಗೂದಲು ಗಂಟುಗಟ್ಟಿತು. ಎಣ್ಣೆ ಕಾಣದ ತಲೆ, ಹೊಲದ ಧೂಳು, ಅಷ್ಟೇ ಕಾರಣ. ಆದರೆ ಅವಳ ಅವ್ವ ಬಾಚಣಿಗೆ ಹಿಡಿಯಲಿಲ್ಲ, ದೇವಿಯ ಅರಿಸಿನ ಭಂಡಾರ ಹಚ್ಚಿದಳು. ಎಲ್ಲಮ್ಮ ಜಡೆಯಾಗಿ ಬಂದಿದ್ದಾಳೆ ಎಂದು ಓಣಿಯವರೆಲ್ಲ ಬಂದು ಕೈಮುಗಿದರು. ಹನ್ನೆರಡಕ್ಕೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಟ್ಟರು. ಸರಕಾರ ಅದನ್ನು ಅಪರಾಧವೆಂದು ಕಾನೂನು ಮಾಡಿ ಆಗಲೇ ವರ್ಷಗಳಾಗಿದ್ದವು. ಮುಂದಿನದನ್ನು ಗುತ್ತೆವ್ವ ಯಾರಿಗೂ ಬಿಡಿಸಿ ಹೇಳಿದವಳಲ್ಲ. ಆ ಮನೆಯ ಒಲೆ ಉರಿದದ್ದು ಅವಳಿಂದ, ಹತ್ತು ವರ್ಷ ಚಿಕ್ಕವನಾದ ತಮ್ಮ ದುರಗಪ್ಪ ಬೆಳೆದದ್ದು ಅವಳಿಂದ. ಇದು ಮಾತ್ರ ಊರಿಗೆಲ್ಲ ಗೊತ್ತು.

ಇಪ್ಪತ್ತಾರನೇ ವಯಸ್ಸಿಗೆ ಅವಳು ಎಲ್ಲ ಬಿಟ್ಟು ಬ್ಯಾಡಗಿಗೆ ಬಂದಳು. ಪಕ್ಕದ ಖೋಲಿಯ ಚಮನಬಿಯೂ ತುಂಬು ಬಿಡಿಸುವವಳೇ. ಒಂದು ಮಧ್ಯಾಹ್ನ ಗುತ್ತೆವ್ವ ಕತ್ತರಿ ತಂದು ಅವಳ ಕೈಗಿಟ್ಟು, ಬೆನ್ನು ತಿರುಗಿಸಿ ಕುಳಿತಳು. ಮೊಣಕಾಲವರೆಗೆ ಇಳಿದಿದ್ದ ಜಡೆ. ಚಮನಬಿ ಕತ್ತರಿ ಕೆಳಗಿಟ್ಟಳು.

"ಏನರೆ ಆದ್ರ ನನ್ನ ಮ್ಯಾಲೆ ಬರ್ತೈತಿ, ಗುತ್ತಕ್ಕಾ."

"ಆಗೂದೆಲ್ಲಾ ಆಗಿ ಹೋಗೈತಿ. ಕತ್ತರಿಸು."

ಕತ್ತರಿಸಿದಳು. ಮಳೆ ನಿಲ್ಲಲಿಲ್ಲ, ಭೂಮಿ ಬಿರಿಯಲಿಲ್ಲ. ಗುತ್ತೆವ್ವನಿಗೆ ಕುತ್ತಿಗೆ ಹಗುರಾಯಿತು. ಅಂದು ಅವಳು ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ತವರಿನಲ್ಲಿ ಅವ್ವ ಬಾಗಿಲು ಮುಚ್ಚಿದಳು. ಆ ಬಾಗಿಲು ತೆರೆದದ್ದು ಅವ್ವ ಸತ್ತ ಮೇಲೆ. ಪಂಚಮಿಗೊಮ್ಮೆ, ಯುಗಾದಿಗೊಮ್ಮೆ ಬಂದು ಹೋಗು ಎಂದು ದುರಗಪ್ಪ ಹೇಳಿ ಕಳಿಸಿದ.

ದುರಗಪ್ಪ ಕೆಟ್ಟವನಲ್ಲ. ಗೋವಿನಜೋಳ ಬೆಳೆಯುವ ಮೂರೆಕರೆ ಹೊಲ, ಮಿತಭಾಷಿ, ಕುಡಿತವಿಲ್ಲ. ಹೆಂಡತಿ ಜಯವ್ವ ಹೊಳೆದಂಡೆಯ ಐರಣಿಯವಳು. ಅವರ ಮೊದಲಿನ ಎರಡು ಕೂಸುಗಳು ಹುಟ್ಟಿದ ವಾರದೊಳಗೆ ತೀರಿಕೊಂಡವು. ಮೂರನೆಯವಳು ಮಹೇಶ್ವರಿ, ಉಳಿದಳು. ಅವಳಿಗೆ ಐದು ತುಂಬಿದಾಗ ತಲೆಯಲ್ಲಿ ಒಂದು ಗಂಟು ಕಾಣಿಸಿತು. ಅದೇ ತಿಂಗಳು ಜಯವ್ವ ಬಸಿರಾದಳು, ಗಂಡು ಹುಟ್ಟಿತು, ಅದೂ ಉಳಿಯಿತು. ಚನ್ನೇಶನೆಂದು ಹೆಸರಿಟ್ಟರು. ಜಡೆ ಬಂತು, ಮಗ ಉಳಿದ. ದುರಗಪ್ಪನ ತಲೆಯಲ್ಲಿ ಈ ಎರಡೂ ಒಂದೇ ಹಗ್ಗದ ಎರಡು ಎಳೆಗಳಾದವು; ಯಾರೂ ಬಿಡಿಸಲಾರದ ಹಾಗೆ ಹೊಸೆದುಕೊಂಡವು.

ಆ ವರ್ಷದ ಪಂಚಮಿಗೆ ಹೋದ ಗುತ್ತೆವ್ವ ಮಹೇಶ್ವರಿಯ ತಲೆ ನೋಡಿದಳು. ಅದು ಯಾವ ಗಂಟೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಮಾತಾಡಿದರೆ ಈಗಷ್ಟೇ ತೆರೆದ ಬಾಗಿಲು ಮತ್ತೆ ಮುಚ್ಚುತ್ತದೆ. "ಬಾಚವಾ ಹುಡುಗಿ ತಲೀನ" ಎಂದು ಜಯವ್ವನಿಗೆ ಮೆಲ್ಲಗೆ ಹೇಳಿದಳು. ಅಷ್ಟಕ್ಕೇ ಸುಮ್ಮನಾಗಿ ಉಂಡಿ ತಿಂದು ಬ್ಯಾಡಗಿಗೆ ಬಂದುಬಿಟ್ಟಳು. ಊರಿನ ಎಲ್ಲರ ಮೇಲೆ ಸಿಟ್ಟಾದ ಗುತ್ತೆವ್ವ ಮುಂದೆ ತನ್ನ ಮೇಲೆ ಸಿಟ್ಟಾದದ್ದು ಈ ಒಂದು ದಿನಕ್ಕಾಗಿ.

ಹೋದ ವರ್ಷ ಫೆಬ್ರುವರಿಯಲ್ಲಿ, ಒಂದು ಗುರುವಾರ ಮುಂಜಾನೆ, ಜಯವ್ವನ ಫೋನು ಬಂತು. ಪಿಸುಮಾತು.

"ಅಕ್ಕಾ, ಹುಡುಗಿಗೆ ತಲಿಬ್ಯಾನಿ ಭಾಳ ಆಗೈತ್ರಿ. ವಾಂತಿ ನಿಂದರವಲ್ದು. ನಾ ಫೋನ್ ಮಾಡೇನಂತ ನಿಮ್ಮ ತಮ್ಮಗ ಹೇಳಬ್ಯಾಡ್ರಿ."

ಗುತ್ತೆವ್ವ ಕೈಯಲ್ಲಿದ್ದ ಕಾಯಿ ರಾಶಿಗೆ ಎಸೆದು ಎದ್ದಳು. ಹಳ್ಳಿ ಮುಟ್ಟಿದಾಗ ಹತ್ತೂವರೆ. ಹತ್ತು ವರ್ಷದ ಮಹೇಶ್ವರಿ ನಡುಮನೆಯ ಕಂಬಕ್ಕೆ ಒರಗಿ, ಕತ್ತು ಒಂದು ಕಡೆಗೆ ವಾಲಿಸಿ ಕುಳಿತಿದ್ದಳು. ಭಂಡಾರದ ವಾಸನೆ, ಊದಿನಕಡ್ಡಿಯ ವಾಸನೆ, ಅದರಡಿಗೆ ಇನ್ನೊಂದು ವಾಸನೆ. ಗುತ್ತೆವ್ವ ಜಡೆಯೊಳಗೆ ಬೆರಳು ತೂರಿಸಿದಳು. ಬಲಗಿವಿಯ ಮೇಲೆ ಹಣ್ಣಾದ ಟೊಮೆಟೊದಂಥ ಮೆತ್ತನೆ ಊತ.

"ಉರೀತೈತಿ ಅತ್ತಿ, ಉರೀತೈತಿ!" ಹುಡುಗಿ ಕಿರುಚಿದಳು. ಎಷ್ಟು ತೊಳೆದರೂ ಹೋಗದ ಮೆಣಸಿನಕಾಯಿ ಖಾರ ಆ ಬೆರಳುಗಳಲ್ಲಿತ್ತು. ಗುತ್ತೆವ್ವ ಕೈ ಹಿಂದಕ್ಕೆಳೆದು ನೋಡಿದಳು: ತುದಿಗೆಲ್ಲ ಕೀವು.

"ಎಷ್ಟು ದಿನ ಆತು?" ಎಂದು ಜಯವ್ವನ ಕಡೆ ತಿರುಗಿದಳು.

"ಸಂಕ್ರಾಂತಿ ಮುಂದ ಒಂದು ಹುಣ್ಣು ಆಗಿತ್ರಿ. ಅವರು ಭಂಡಾರ ಹಚ್ಚಿದ್ರು..."

"ಹುಣ್ಣಿಗೆ ಭಂಡಾರ ಹಚ್ಚಿ, ಕೈಮುಗದು ಕುಂತ್ರಿ. ನಡಿ, ದವಾಖಾನಿಗೆ."

"ಅವರನ್ನ ಕೇಳದ..."

"ಕೇಳಿದ್ರ ಅಂವ ಬ್ಯಾಡ ಅಂತಾನ. ಅದಕ್ಕ ಕೇಳೂದಿಲ್ಲ."

ಜಯವ್ವ ಹೊಸ್ತಿಲು ದಾಟಲಿಲ್ಲ. ಗುತ್ತೆವ್ವ ಹುಡುಗಿಯನ್ನು ಬಗಲಿಗೆ ಎತ್ತಿಕೊಂಡು ಟಂಟಂ ಆಟೊ ಹತ್ತಿದಳು. ರಾಣೆಬೆನ್ನೂರಿನಲ್ಲಿ ನೋಡಿದ ಡಾಕ್ಟರು ತಡಮಾಡದೆ ಆಂಬುಲೆನ್ಸಿನಲ್ಲಿ ಹಾವೇರಿಗೆ ಕಳಿಸಿದರು. ಹಾವೇರಿಯಲ್ಲಿ ಸ್ಕ್ಯಾನ್ ಆಯಿತು. ಸ್ನೇಹಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಆ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು.

"ನೋಡ್ರಿ, ಕೀವು ಬುರುಡಿ ಎಲುಬು ತಿಂದು ಒಳಗ ಇಳಿದೈತಿ. ಇವತ್ತೇ ಹುಬ್ಬಳ್ಳಿಗೆ ಕಳಿಸಿ ಆಪರೇಶನ್ ಮಾಡಿಸಬೇಕು. ಮೊದಲು ಕೂದಲು ಪೂರಾ ತೆಗೀಬೇಕು. ತಂದೆ ತಾಯಿ ಸಹಿ ಬೇಕ್ರಿ."

"ನಾ ಹಾಕ್ತೇನಿ ಸಹಿ."

"ನೀವು ತಾಯಿ ಅಲ್ಲಲ್ಲಮ್ಮಾ."

ಸಂಜೆಗೆ ದುರಗಪ್ಪ ಬಂದ. ಜೊತೆಗೆ ಊರಿನ ಇಬ್ಬರು ಹಿರಿಯರು. ಡಾಕ್ಟರು ಎಷ್ಟು ಹೇಳಿದರೂ ಅವನದು ಒಂದೇ ಮಾತು: "ಗುಳಿಗಿ ಕೊಡ್ರಿ, ಸೂಜಿ ಮಾಡ್ರಿ. ಜಡಿಗೆ ಕತ್ತರಿ ಹಚ್ಚಂಗಿಲ್ಲ."

"ನನ್ನ ಜಡಿಗೆ ಹಚ್ಚೇನಲ್ಲೋ, ಏನಾತು ನನಗ?" ಗುತ್ತೆವ್ವ ವಾರ್ಡಿನ ನಡುವೆ ನಿಂತು ಕೂಗಿದಳು. "ಸತ್ತೇನೇನು?"

ದುರಗಪ್ಪ ಅಕ್ಕನ ಮುಖ ನೋಡದೆ ಹೇಳಿದ: "ನೀ ಕತ್ತರಿಸಿದ ವರ್ಷನ ಅಲ್ಲೇನಕ್ಕಾ ಅಪ್ಪ ಸತ್ತಿದ್ದು."

ಅಪ್ಪ ಸತ್ತದ್ದು ಕಾಮಾಲೆಯಾಗಿ, ಗುತ್ತೆವ್ವ ಬ್ಯಾಡಗಿಗೆ ಬಂದ ಎಂಟು ತಿಂಗಳಿಗೆ. ಇಷ್ಟು ವರ್ಷ ತಮ್ಮ ಅದನ್ನು ತನ್ನ ಲೆಕ್ಕಕ್ಕೆ ಹಚ್ಚಿಕೊಂಡು ಕುಳಿತಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ಆ ಬೆರಗಿನಲ್ಲಿ ಅವಳು ನಿಂತಿದ್ದಾಗಲೇ, ತನ್ನ ಜವಾಬ್ದಾರಿಯ ಮೇಲೆ ಮಗಳನ್ನು ಕರೆದೊಯ್ಯುತ್ತೇನೆಂದು ದುರಗಪ್ಪ ಬರೆದುಕೊಟ್ಟ. ಆಪರೇಶನ್ನಿಗೆ ಏಳದ ಕೈ ಈ ಕಾಗದಕ್ಕೆ ಲಗೂನೆ ಸಹಿ ಹಾಕಿತು. ಹುಡುಗಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಿಬಿಟ್ಟ.

ಡಾಕ್ಟರ್ ಸ್ನೇಹಾ ಅಂದೇ ಎರಡು ಪುಟದ ವರದಿ ಬರೆದರು. "ನಾಳೆ ಮುಂಜಾನೆ ಕೋರ್ಟಿನ ಆವಾರಕ್ಕೆ ಹೋಗ್ರಿ. ಅಲ್ಲಿ ದುಡ್ಡಿಲ್ಲದವರಿಗೆ ವಕೀಲರನ್ನ ಕೊಡ್ತಾರ" ಎಂದರು.

ಶುಕ್ರವಾರ ಆ ಕಾನೂನು ನೆರವಿನ ಕಚೇರಿಯ ಬಾಗಿಲು ತೆರೆಯುವ ಮೊದಲೇ ಗುತ್ತೆವ್ವ ಅಲ್ಲಿದ್ದಳು. ಸಿಕ್ಕ ವಕೀಲರ ಹೆಸರು ಪುಷ್ಪಲತಾ. ಐವತ್ತರ ಹೆಂಗಸು, ಕನ್ನಡಕ ಮೂಗಿನ ತುದಿಗೆ. ವರದಿ ಓದುತ್ತ ಓದುತ್ತ ಅವರ ಮುಖ ಬಿಗಿಯಿತು. ಚಿಕಿತ್ಸೆ ಮುಗಿಯುವವರೆಗೆ ಬಾಲಕಿಯ ಪಾಲಕತ್ವವನ್ನು ಸೋದರತ್ತೆಗೆ ಕೊಡಬೇಕೆಂದು ಮಧ್ಯಾಹ್ನದೊಳಗೆ ಅರ್ಜಿ ಸಿದ್ಧವಾಯಿತು. ನ್ಯಾಯಾಧೀಶರು ಅಂದೇ ಕೈಗೆತ್ತಿಕೊಂಡರು: ತಂದೆ-ತಾಯಿ ಸೋಮವಾರ ಬಂದು ಉತ್ತರ ಹೇಳಬೇಕು, ಅಲ್ಲಿಯವರೆಗೆ ಮಗು ಆಸ್ಪತ್ರೆಯಲ್ಲಿರಬೇಕು.

"ಸೋಮವಾರ ಯಾಕ್ರಿ? ನಾಳೆ ಏನಾಗೈತಿ?"

"ನಾಳೆ ಎರಡನೇ ಶನಿವಾರ, ಗುತ್ತೆವ್ವ. ರಜೆ."

"ಕೀವಿಗೆ ಎರಡನೇ ಶನಿವಾರ ಗೊತ್ತಾಗತೈತೇನ್ರಿ?"

ಆಸ್ಪತ್ರೆಗೆ ಸೇರಿಸಬೇಕೆಂಬ ಆದೇಶ ಹಿಡಿದು ಪೊಲೀಸರು ಹಳ್ಳಿಗೆ ಹೋದಾಗ ಮನೆಗೆ ಕೀಲಿ ಬಿದ್ದಿತ್ತು; ನೋಟಿಸನ್ನು ಬಾಗಿಲಿಗೆ ಅಂಟಿಸಿ ಬಂದರು. ಗುತ್ತೆವ್ವ ಶನಿವಾರ ಪೂರ್ತಿ ಆ ಕೀಲಿಯ ಮುಂದೆ, ಕಟ್ಟೆಯ ಮೇಲೆ ಕುಳಿತಳು. ದುರಗಪ್ಪ ಎಲ್ಲಿಗೆ ಹೋದ ಎಂದು ಯಾರನ್ನು ಕೇಳಿದರೂ ಗೊತ್ತಿಲ್ಲ ಎಂದರು. ನೀರಿನ ಕೊಡ ಹೊತ್ತ ಮುದುಕಿಯೊಬ್ಬಳು ಮಾತ್ರ ನಿಂತು ಹೇಳಿದಳು: "ಹುಟ್ಟಿದ ಮನಿ ಮರ್ಯಾದಿ ಕೋರ್ಟಿಗೆ ಒಯ್ದೆಲ್ಲವಾ."

"ನಿಮ್ಮ ಮರ್ಯಾದಿ ನನ್ನ ಮೈಮ್ಯಾಲಿನಿಂದ ಹಾದು ಹೋಗೈತಿ, ಯಮ್ಮಾ. ಅದರ ತೂಕ ನನಗ ಗೊತ್ತೈತಿ" ಎಂದಳು ಗುತ್ತೆವ್ವ. ಮುದುಕಿ ಕೊಡ ಹೊತ್ತು ಲಗುಬಗೆಯಿಂದ ಹೋದಳು.

ಸೋಮವಾರ ಹನ್ನೊಂದಕ್ಕೆ ದುರಗಪ್ಪ, ಜಯವ್ವ ಇಬ್ಬರೂ ಕೋರ್ಟಿಗೆ ಬಂದರು. ಅವನು ಒಬ್ಬ ವಕೀಲರನ್ನು ಹಿಡಿದಿದ್ದ. ಹುಡುಗಿ ಜೊತೆಗಿರಲಿಲ್ಲ.

"ಮಗು ಎಲ್ಲಿ?" ನ್ಯಾಯಾಧೀಶರ ಮೊದಲ ಪ್ರಶ್ನೆ.

"ಸಂಬಂಧಿಕರ ಮನೆಯಲ್ಲಿ ಆರಾಮವಾಗಿದೆ, ಸ್ವಾಮಿ" ಎಂದರು ದುರಗಪ್ಪನ ವಕೀಲರು. "ನಮ್ಮ ಕಕ್ಷಿದಾರರು ಔಷಧ ಬೇಡ ಎಂದವರಲ್ಲ. ಜಡೆ ಇವರ ಮನೆತನದ ನಂಬಿಕೆ, ದೇವಿಯ ರೂಪ. ನಂಬಿಕೆಯಂತೆ ನಡೆಯುವ ಹಕ್ಕನ್ನು ಸಂವಿಧಾನವೇ ಕೊಟ್ಟಿದೆ. ತಮ್ಮ ಮಗುವಿಗೆ ಯಾವುದು ಒಳ್ಳೆಯದೆಂದು ಹೆತ್ತವರಿಗಿಂತ ಯಾರಿಗೆ ಗೊತ್ತು? ಇನ್ನು ಅರ್ಜಿದಾರಳು ಮನೆಯಿಂದ ಹೊರಗಾದವಳು. ಅವಳ ಪೂರ್ವಾಪರ..."

"ಹೇಳ್ರಿ, ಪೂರಾ ಹೇಳ್ರಿ!" ಗುತ್ತೆವ್ವ ಎದ್ದು ನಿಂತಳು. ಪುಷ್ಪಲತಾ ಸೆರಗು ಜಗ್ಗಿದರೂ ಕೂರಲಿಲ್ಲ. "ಆ ಪೂರ್ವಾಪರ ಮಾಡಿದ್ದು ಹಿಂಥಾದ ಒಂದು ಜಡಿನ ರೀ. ನನಗ ಒಂಬತ್ತು ವರ್ಷ ಇತ್ತು. ಅವತ್ತು ಒಬ್ಬರು, ಒಬ್ಬರಂದ್ರ ಒಬ್ಬರು, ಕೋರ್ಟಿಗೆ ಹೋಗಿದ್ರ ನಾ ಇವತ್ತು ನಿಮ್ಮ ಬಾಯಾಗ ಹಿಂಗ ಬರ್ತಿರಲಿಲ್ಲ."

ನ್ಯಾಯಾಧೀಶರು ಕೈಯೆತ್ತಿ ಕೂರಲು ಹೇಳಿದರು. ವಕೀಲರಿಗೆ, "ಅದು ಇಲ್ಲಿ ಬೇಡ" ಎಂದರು. ಡಾಕ್ಟರ್ ಸ್ನೇಹಾ ಸಾಕ್ಷಿ ಹೇಳಿದರು. ಜಡೆ ಉಳಿಸಿಕೊಂಡು ಆಪರೇಶನ್ ಸಾಧ್ಯವೇ ಎಂದು ನ್ಯಾಯಾಧೀಶರು ಎರಡು ಸಲ, ಬೇರೆ ಬೇರೆ ರೀತಿಯಲ್ಲಿ ಕೇಳಿದರು. ಎರಡು ಸಲವೂ ಸಾಧ್ಯವಿಲ್ಲ ಎಂದರು ಡಾಕ್ಟರು. ಗುಳಿಗೆಯಿಂದ ಕೀವು ಆರುವ ಹಂತ ದಾಟಿದೆ ಎಂದರು.

ನ್ಯಾಯಾಧೀಶರು ದುರಗಪ್ಪನನ್ನೇ ಮುಂದೆ ಕರೆದರು.

"ನಾ ಮಗಳ ವೈರಿ ಅಲ್ರಿ, ಸಾಹೇಬ್ರ." ಅವನ ದನಿ ಒಡೆದಿತ್ತು. "ಎರಡು ಕೂಸು ಈ ಕೈಯಾರ ಮಣ್ಣಾಗ ಇಟ್ಟೇನಿ. ಇಕಿಗೆ ಜಡಿ ಬಂದ ಮ್ಯಾಲೆ ಹುಟ್ಟಿದಾಂವ ನನ್ನ ಮಗ. ಜಡಿ ಹೋದ್ರ ಅಂವ ಉಳಿಯೂದಿಲ್ರಿ. ಅದು ಕೂದ್ಲ ಅಲ್ಲ, ಅವ್ವ."

"ಹಂಗಾರ ಹುಡುಗನ ಜೀವಕ್ಕ ಹುಡುಗಿ ತಲಿ ಒತ್ತೆ ಇಟ್ಟಿಯೇನೋ, ದುರಗ್ಯಾ?"

ಈ ಸಲ ಗುತ್ತೆವ್ವನನ್ನು ಯಾರೂ ಗದರಲಿಲ್ಲ. ನ್ಯಾಯಾಧೀಶರು ಮೆಲ್ಲಗೆ ಕೇಳಿದರು: "ಇದೇ ಕೀವು ನಿಮ್ಮ ಮಗನ ತಲೆಯಲ್ಲಿ ಆಗಿದ್ದರೆ ಏನು ಮಾಡುತ್ತಿದ್ದಿರಿ?"

ದುರಗಪ್ಪ ಗಡಿಯಾರದ ಕಡೆ, ವಕೀಲರ ಕಡೆ, ಕೊನೆಗೆ ತನ್ನ ಕಾಲ ಕಡೆ ನೋಡಿದ.

ಆಗ ಹಿಂದಿನ ಬೆಂಚಿನಿಂದ ಜಯವ್ವ ಎದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ.

"ಆರಾಮಿಲ್ರಿ ಹುಡುಗಿ. ನಿನ್ನೆಯಿಂದ ಮೂರು ಸಲ ಫಿಟ್ಸ್ ಬಂದೈತಿ. ಮುಂಜಾನಿ ನನ್ನ ಗುರ್ತ ಹಿಡೀಲಿಲ್ಲ, 'ಯಾರ್ರೀ ನೀವು' ಅಂದ್ಳು. ಐರಣ್ಯಾಗ ಅದಾಳ್ರಿ, ನಮ್ಮವ್ವನ ಮನ್ಯಾಗ. ಲಗೂ ಯಾರನ್ನರೆ ಕಳಿಸ್ರಿ ಯಪ್ಪಾ, ನಾ ಎಲ್ಲಿ ಬೇಕಂದ್ರ ಅಲ್ಲಿ ಹೆಬ್ಬಟ್ಟು ಒತ್ತತೇನಿ."

ನ್ಯಾಯಾಧೀಶರು ಅಲ್ಲೇ, ಎಲ್ಲರೆದುರು, ಆದೇಶ ಬರೆಸಿದರು. ನಂಬುವ ಹಕ್ಕು ತಂದೆಯದು. ಅದನ್ನು ಈ ನ್ಯಾಯಾಲಯ ಕಸಿಯುವುದಿಲ್ಲ. ಆದರೆ ಆ ನಂಬಿಕೆಗಾಗಿ ಇನ್ನೊಂದು ಜೀವವನ್ನು ಪಣಕ್ಕೆ ಇಡುವ ಹಕ್ಕು, ಅದು ಸ್ವಂತ ಮಗಳದ್ದೇ ಆದರೂ, ಅವನಿಗಿಲ್ಲ. ಮಗು ದೊಡ್ಡವಳಾಗಿ ತನ್ನ ನಂಬಿಕೆ ತಾನೇ ಆರಿಸಿಕೊಳ್ಳಬೇಕಾದರೆ ಮೊದಲು ಬದುಕಬೇಕು. ಕೂಡಲೇ ಶಸ್ತ್ರಚಿಕಿತ್ಸೆಯಾಗಲಿ, ಆರು ತಿಂಗಳ ಪಾಲಕತ್ವ ಸೋದರತ್ತೆಗೆ. ತೆಗೆದ ಕೂದಲನ್ನು ತಂದೆಗೆ ಒಪ್ಪಿಸತಕ್ಕದ್ದು. ಅವರ ಸಂಪ್ರದಾಯದಂತೆ ವಿಸರ್ಜಿಸಿಕೊಳ್ಳಬಹುದು.

ಈ ಕೊನೆಯ ಮಾತಿಗೂ ಗುತ್ತೆವ್ವ ಉರಿದಳು. "ಕೀವು ಹತ್ತಿದ ಕೂದ್ಲಕ್ಕ ಹಿಂಥಾ ಮರ್ಯಾದಿ!" ಎಂದು ಮೆಟ್ಟಿಲಿಳಿಯುತ್ತ ಬೈದಳು. "ನಿಮ್ಮ ತಮ್ಮನೂ ಮನುಷ್ಯ ಅಲ್ಲೇನ್ರಿ" ಎಂದರು ಪುಷ್ಪಲತಾ. ಗುತ್ತೆವ್ವನಿಗೆ ಅಂದು ಅದು ಕೇಳಿಸಿಕೊಳ್ಳುವ ಮಾತಾಗಿರಲಿಲ್ಲ.

ಐರಣಿಯಿಂದ ಆಂಬುಲೆನ್ಸು ನೇರ ಹುಬ್ಬಳ್ಳಿಗೆ ಹೋಯಿತು. ಜಡೆ ತೆಗೆಯಲಿಕ್ಕೇ ಬಹಳ ಹೊತ್ತು ಹಿಡಿಯಿತಂತೆ. ಮಹೇಶ್ವರಿ ಬದುಕಿದಳು. ಒಂಬತ್ತನೇ ದಿನ ಕಣ್ಣು ಬಿಟ್ಟು, ಗುರುತು ಹಿಡಿದು, "ಅತ್ತಿ, ಹಸಿವು" ಎಂದಳು. ಆದರೆ ಎಡಗೈ ಏಳಲಿಲ್ಲ. ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು, ಎಡಗಾಲು ಎಳೆಯುತ್ತಿತ್ತು.

"ಗುರುವಾರನ ಮಾಡಿದ್ರ ಈ ಕೈ ಉಳೀತಿತ್ತೇನ್ರಿ?" ಎಂದು ಗುತ್ತೆವ್ವ ಅಲ್ಲಿನ ದೊಡ್ಡ ಡಾಕ್ಟರನ್ನು ಕೇಳಿದಳು.

"ಖಂಡಿತ ಅಂತ ಹೇಳಲು ಬರುವುದಿಲ್ಲ. ಫಿಟ್ಸ್ ಬರುವ ಮೊದಲು ಆಗಿದ್ದರೆ ಹೆಚ್ಚಿನ ಅವಕಾಶವಿತ್ತು."

ಗುರುವಾರದಿಂದ ಸೋಮವಾರ, ನಾಲ್ಕು ದಿನ. ಗುತ್ತೆವ್ವ ಈ ನಾಲ್ಕು ದಿನಗಳನ್ನು ಎದೆಯಲ್ಲಿ ಹೊತ್ತುಕೊಂಡು ಬ್ಯಾಡಗಿಗೆ ಬಂದಳು, ಹುಡುಗಿಯನ್ನು ಬೆನ್ನಿಗೆ ಹಾಕಿಕೊಂಡು. ಮುಂದಿನ ಆರು ತಿಂಗಳು ಮುಂಜಾನೆ ಸಂಜೆ ಆ ಎಡಗೈ ತಿಕ್ಕಿದ್ದು ಚಮನಬಿ. ಖಾರ ಹತ್ತದಿರಲೆಂದು ಗೋದಾಮಿನ ಕೆಲಸ ಬಿಟ್ಟು ಮನೆಯಲ್ಲೇ ಬೀಡಿ ಕಟ್ಟತೊಡಗಿದ್ದಳು. ಬೋಳು ತಲೆಯಲ್ಲಿ ಕೂದಲು ಚಿಗುರಿತು, ಮೆತ್ತಗೆ, ಕಪ್ಪಗೆ. ಹುಡುಗಿ ಕನ್ನಡಿಯ ಮುಂದೆ ನಿಂತು ಅದನ್ನು ಬಲಗೈಯಿಂದ ಸವರಿ ನಗುತ್ತಿದ್ದಳು.

ದುರಗಪ್ಪ ಜಡೆಯನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಐರಣಿಯ ಹತ್ತಿರ ತುಂಗಭದ್ರೆಗೆ ಬಿಟ್ಟ. ಆ ವಾರ ಚನ್ನೇಶನಿಗೆ ಎರಡು ದಿನ ಜ್ವರ ಬಂದು ಹೋಯಿತು. ಊರಿನ ಅರ್ಧ ಮಕ್ಕಳಿಗೆ ಬಂದಿದ್ದ ಜ್ವರ. ಆದರೆ ದುರಗಪ್ಪನಿಗೆ ಬೇಕಾದ ಅರ್ಥ ಸಿಕ್ಕಿತು. ದೇವಿ ಮಗನನ್ನು ಒಯ್ಯಲು ಬಂದಿದ್ದಳು, ಮಗಳ ಕೈ ತಗೊಂಡು ಮಗನನ್ನು ಬಿಟ್ಟಳು ಎಂದು ಚಹದಂಗಡಿಯಲ್ಲಿ, ಹೊಲದಲ್ಲಿ ಹೇಳಿಕೊಂಡು ತಿರುಗಿದ. ಜನ ಹೌದೆಂದರು. ತಾನೇ ಮಾಡಿದ ತಡ, ಆ ತಡ ತಿಂದ ಕೈ. ಎರಡನ್ನೂ ಅವನು ದೇವಿಯ ಹೆಸರಿಗೆ ಬರೆದುಬಿಟ್ಟಿದ್ದ. ಈ ಸುದ್ದಿ ಬ್ಯಾಡಗಿಗೆ ಮುಟ್ಟಿದ ದಿನ ಗುತ್ತೆವ್ವ ಊಟದ ತಾಟನ್ನು ಗೋಡೆಗೆ ಎಸೆದಳು. ಮಹೇಶ್ವರಿ ಬೆಚ್ಚಿ ಮೂಲೆಗೆ ಸರಿದದ್ದನ್ನು ಕಂಡು, ಅನ್ನ ಬಳಿಯುತ್ತ ಅತ್ತಳು. ಮತ್ತೆಂದೂ ಹುಡುಗಿಯೆದುರು ಏನನ್ನೂ ಎಸೆಯಲಿಲ್ಲ.

ಆರು ತಿಂಗಳಾದ ಮೇಲೆ ನ್ಯಾಯಾಧೀಶರು ಹುಡುಗಿಯನ್ನು ತಮ್ಮ ಕೋಣೆಗೆ ಕರೆದು, ಎಲ್ಲಿರಲು ಇಷ್ಟ ಎಂದು ಕೇಳಿದರು. "ಅವ್ವನ ಕೂಡ" ಎಂದಳು ಮಹೇಶ್ವರಿ. ಹತ್ತು ವರ್ಷದ ಕೂಸು ಬೇರೇನು ಹೇಳೀತು? ತಲೆ ಸ್ವಚ್ಛ ಇಡಬೇಕು, ಶಾಲೆ ಬಿಡಿಸಕೂಡದು, ಅತ್ತೆ ತಿಂಗಳಿಗೊಮ್ಮೆ ಬಂದು ನೋಡಬಹುದು. ಈ ಷರತ್ತುಗಳಿಗೆ ದುರಗಪ್ಪ, ಜಯವ್ವ ಇಬ್ಬರೂ ಬರೆದುಕೊಟ್ಟರು. ಗುತ್ತೆವ್ವ ಹುಡುಗಿಯ ಅರಿವೆ ಚೀಲ ಜಯವ್ವನ ಕೈಗೆ ಕೊಟ್ಟಳು, ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಅಂದಿನಿಂದ ತಿಂಗಳು ತಪ್ಪಿಸಿಲ್ಲ. ಈ ಬೇಸಿಗೆಯಲ್ಲಿ ಹೋದಾಗ ಮಹೇಶ್ವರಿ ಓಣಿಯ ಹುಡುಗಿಯರ ಜೊತೆ ಬೇವಿನ ನೆರಳಲ್ಲಿ ಕುಳಿತಿದ್ದಳು. ಕೈಗೆ ಏನಾಯಿತೆಂದು ಯಾರೋ ಕೇಳಿದರು. "ದೇವಿ ತಗೊಂಡಾಳ" ಎಂದಳು ಮಹೇಶ್ವರಿ, ಪಾಠ ಒಪ್ಪಿಸಿದಷ್ಟು ಸಲೀಸಾಗಿ.

ಗುತ್ತೆವ್ವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಹುಡುಗಿಯನ್ನು ಅಂಗಳಕ್ಕೆ ಕರೆತಂದು ಎದುರು ಕೂರಿಸಿಕೊಂಡಳು. ಕಟ್ಟೆಯ ಮೇಲೆ ದುರಗಪ್ಪ ಹಗ್ಗ ಹೊಸೆಯುತ್ತಿದ್ದ.

"ನೋಡವಾ, ದೇವಿ ತಗೊಂಡಿಲ್ಲ. ದೇವಿಗೆ ನಿನ್ನ ಕೈ ಯಾಕ ಬೇಕು? ಆಪರೇಶನ್ ಮಾಡೂದು ನಾಕು ದಿನ ತಡ ಆತು. ಅದಕ್ಕ ಹಿಂಗಾಗೈತಿ."

"ಯಾಕ ತಡ ಆತು, ಅತ್ತಿ?"

ಗುತ್ತೆವ್ವನ ನಾಲಿಗೆಯ ತುದಿಗೆ ಒಂದು ರಾಶಿ ಮಾತು ಬಂದವು. ಎಲ್ಲವನ್ನೂ ನುಂಗಿದಳು.

"ನಿಮ್ಮಪ್ಪನ್ನ ಕೇಳು" ಎಂದಳು.

ಹುಡುಗಿ ಎದ್ದು, ಎಡಗಾಲು ಎಳೆಯುತ್ತ, ಕಟ್ಟೆಯ ಹತ್ತಿರ ಹೋಗಿ ನಿಂತು ಕೇಳಿದಳು. ದುರಗಪ್ಪ ಹಗ್ಗ ಹೊಸೆಯುತ್ತಲೇ ಇದ್ದ. ಮಗಳು ಮತ್ತೊಮ್ಮೆ ಕೇಳಿದಳು, ಈ ಸಲ ಸ್ವಲ್ಪ ಜೋರಾಗಿ. ಒಳಗೆ ಜಯವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ದುರಗಪ್ಪ ಹಗ್ಗ ಕೆಳಗಿಟ್ಟು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಬಿಸಿಲಲ್ಲೇ ಹೊಲದ ಕಡೆ ನಡೆದ. ಮಹೇಶ್ವರಿ ಅವನ ಹಿಂದೆ ಹೋದಳು, ಕೇಳುತ್ತಲೇ ಹೋದಳು.